ಊಟದ ಪಂಕ್ತಿ ಹಿಡಿಯುವ ಉಮಾಶಂಕರ

ಮದುವೆ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಉಣ್ಣುವವರು ಯಾರು ಎಂದು ಕೇಳಿದರೆ ಅಡುಗೆಯವರು ಎನ್ನುತ್ತೀರಿ. ತಪ್ಪು. ಅಡುಗೆಯವರು ರುಚಿ ನೋಡುವ ನೆಪದಲ್ಲಿ ಆಗಲೇ ಅರ್ಧ ಹೊಟ್ಟೆ ತುಂಬಿಸಿಕೊಂಡಿರುತ್ತಾರೆ. ಕೊನೆಗೆ ಉಣ್ಣುವವನು ವಿಡಿಯೊದವನು. ಅವರಲ್ಲೂ ಕಟ್ಟಕಡೆಯವನು ಕೆನಡಾದ ಮಿಲ್ಟನ್ ಊರಿನ ಉಮಾಶಂಕರ ಹೊಸಮನಿ. ಟೊರೊಂಟೊ ಸುತ್ತಮುತ್ತ ಹತ್ತೊಂಬತ್ತು ವರ್ಷಗಳಲ್ಲಿ ಆರುನೂರಕ್ಕೂ ಮಿಕ್ಕಿ ಮದುವೆ, ಸೀಮಂತ, ಗೃಹಪ್ರವೇಶಗಳ ವಿಡಿಯೊ ತೆಗೆದಿದ್ದಾನೆ. ಒಂದರಲ್ಲೂ ಬಿಸಿ ಅನ್ನದ ಮುಖ ಕಂಡವನಲ್ಲ.

ಅದಕ್ಕೆ ಕಾರಣ ಅವನ ಗುರು ದ್ಯಾಮಣ್ಣ. ಹುಬ್ಬಳ್ಳಿಯಲ್ಲಿ ದ್ಯಾಮಣ್ಣನದೊಂದು ಚಿಕ್ಕ ಸ್ಟುಡಿಯೊ ಇತ್ತು. ಉಮಾಶಂಕರ ಅಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ದ್ಯಾಮಣ್ಣ ಹೇಳಿದ್ದ: “ತಾಳಿ ಕಟ್ಟೂದು ಎಲ್ಲಾರೂ ನೋಡತಾರ. ಉಣ್ಣೂದು ಕ್ಯಾಮೆರಾ ನೋಡಬೇಕು.” ಊಟದ ಪಂಕ್ತಿ ಹಿಡಿಯುವುದಕ್ಕೆ ಅವನ ಹತ್ತಿರ ಕಟ್ಟುನಿಟ್ಟಿನ ಕ್ರಮವಿತ್ತು. ಮುದುಕರು ಕೂತ ತುದಿಯಿಂದ ಶುರುಮಾಡಬೇಕು. ಒಂದು ಮುಖದ ಮುಂದೆ ಮೂರು ಎಣಿಸುವಷ್ಟು ಹೊತ್ತು ನಿಲ್ಲಬೇಕು, ಹೆಚ್ಚಲ್ಲ. ತುತ್ತು ಬಾಯಿಗೆ ಹೋಗುವಾಗ ತೋರಿಸಬಾರದು, ಉಣ್ಣುವವರು ತಲೆಯೆತ್ತಿ ಪಕ್ಕದವರಿಗೆ ಏನೋ ಹೇಳುವ ತನಕ ಕಾಯಬೇಕು. ಕೈ ಅಡ್ಡ ಹಿಡಿದು “ಸಾಕು ಹೋಗೋ ಮಾರಾಯ” ಎಂದರೂ ಬೇಸರಪಡದೆ ಮುಂದಕ್ಕೆ ಸಾಗಬೇಕು.

ಹೀಗೆ ತೆಗೆದ ಪಂಕ್ತಿಯನ್ನು ಆ ಹೊತ್ತಿಗೆ ಯಾರೂ ಹೊಗಳುವುದಿಲ್ಲ. ಹೊಗಳುವುದೆಲ್ಲ ಡ್ರೋನಿನಲ್ಲಿ ತೆಗೆದ ಕೆರೆಯನ್ನು. ಆದರೆ ಆರೇಳು ವರ್ಷ ಕಳೆದ ಮೇಲೆ ಫೋನು ಬರುತ್ತದೆ. “ಉಮಾಶಂಕರಣ್ಣ, ನಮ್ಮ ಅಪ್ಪಾರು ಊಟಕ್ಕ ಕುಂತಿದ್ರಲ್ಲ, ಮಗ್ಗಲದಾಗ ಕಾಕಾ ಇದ್ರು, ಆ ಕ್ಲಿಪ್ ಐತೇನ್ರಿ?” ಇಲ್ಲಿಯವರೆಗೆ ಒಬ್ಬರೂ ತಾಳಿ ಕಟ್ಟಿದ ಕ್ಲಿಪ್ಪು ಕೇಳಿ ಫೋನು ಮಾಡಿಲ್ಲ. ಉಮಾಶಂಕರ ಎಲ್ಲವನ್ನೂ ಹುಡುಕಿ ಕಳಿಸಿಕೊಡುತ್ತಾನೆ. ಇಷ್ಟಾದರೂ ಅವನಿಗೆ ತನ್ನ ಕೆಲಸದ ಬಗ್ಗೆ ಒಳಗೊಳಗೇ ನಾಚಿಕೆ. ಅಷ್ಟು ವಿಡಿಯೊಗಳಲ್ಲಿ ವಧುವಿನ ಹೆಸರು, ವರನ ಹೆಸರು, ಸೋದರಮಾವಂದಿರ ಹೆಸರು, ಕಲ್ಯಾಣ ಮಂಟಪದ ಹೆಸರು ಎಲ್ಲವೂ ಬಂಗಾರದ ಅಕ್ಷರದಲ್ಲಿ ಬಂದು ಹೋಗುತ್ತವೆ. ತೆಗೆದವನ ಹೆಸರು ಎಲ್ಲೂ ಇಲ್ಲ. ಐವತ್ತೊಂದಕ್ಕೆ ಕಾಲಿಟ್ಟ ಉಮಾಶಂಕರನ ಆಸೆ ಒಂದೇ ಒಂದು: ಯಾವುದಾದರೂ ಒಂದು ಪರದೆಯ ಮೇಲೆ ತನ್ನ ಹೆಸರು ಬರಬೇಕು, ನಾಲ್ಕು ಜನ ಅದನ್ನು ನೋಡಬೇಕು.

ಆ ಆಸೆಗೆ ಬಾಗಿಲು ತೆರೆದವಳು ಮಿರೇಯ್. ಥಾರ್ನ್‌ಹಿಲ್ಲಿನಲ್ಲಿ ನಮ್ಮ ಅಭಿನಂದನ್ ಎಂಬ ಹುಡುಗ ಫ್ರೆಂಚ್ ಮಾತಾಡುವ ಮನೆಯ ಹುಡುಗಿಯೊಬ್ಬಳನ್ನು ಮದುವೆಯಾದ. ಮಿರೇಯ್ ಆ ಹುಡುಗಿಯ ತಾಯಿ, ನ್ಯೂಮಾರ್ಕೆಟ್ಟಿನ ಸಣ್ಣದೊಂದು ಫ್ರೆಂಚ್ ಸಂಘದ ಕಾರ್ಯದರ್ಶಿ. ಮದುವೆಯ ವಿಡಿಯೊ ನೋಡಿ ಉಮಾಶಂಕರನಿಗೆ ಫೋನು ಮಾಡಿದಳು. ತಮ್ಮಲ್ಲಿ ಲಿಯೊನಿ ಆರ್ಸೆನೋ ಎಂಬ ಕವಿ ಇದ್ದಾರೆ, ವಯಸ್ಸು ಎಪ್ಪತ್ತೆಂಟು, ಅವರ ಬಗ್ಗೆ ಹನ್ನೆರಡು ನಿಮಿಷದ ಡಾಕ್ಯುಮೆಂಟರಿ ಬೇಕು ಎಂದಳು. ಕೊನೆಗೆ, “ನಿಮ್ಮ ಹೆಸರು ಹಾಕೋಣ, ನಿರ್ದೇಶಕರು ಅಂತ” ಎಂದಾಗ ಉಮಾಶಂಕರನಿಗೆ ಕುರ್ಚಿ ಹುಡುಕಿ ಕೂರಬೇಕಾಯಿತು. ಒಂದೇ ಒಂದು ಷರತ್ತು ಇತ್ತು. ಚಿತ್ರ ಮುಗಿದ ಮೇಲೆ ಲಿಯೊನಿ ಮೊದಲು ನೋಡುತ್ತಾರೆ. ಅವರು ಬೇಡ ಎಂದರೆ ಚಿತ್ರ ಇಲ್ಲ.

“ಕವಿ ಅಂದ್ರ ಭಾಳ ಮೌನ ಇರತಾರ. ನೀ ಅಲ್ಲಿ ಹರಟೀ ಹೊಡೀಬ್ಯಾಡ,” ಎಂದು ಅವನು ಹೆಂಡತಿ ರತ್ನಾಳಿಗೆ ದಾರಿಯುದ್ದಕ್ಕೂ ತಾಕೀತು ಮಾಡಿದ. ರತ್ನಾ ಧಾರವಾಡದವಳು. ವಾರವೆಲ್ಲ ಮಿಲ್ಟನ್ನಿನ ಒಂದು ಗೋದಾಮಿನಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಾಳೆ, ಶನಿವಾರ ಭಾನುವಾರ ಗಂಡನ ಜೊತೆ ಲೈಟು ಹಿಡಿಯುತ್ತಾಳೆ.

“ಆತ್ರೀ, ನಾನೂ ಮೌನ ಇರತೀನಿ. ಬರೇ ಲೈಟ್ ಹಿಡೀತೀನಿ,” ಎಂದಳು.

ನ್ಯೂಮಾರ್ಕೆಟ್ಟಿನ ಆ ಮನೆಯ ಬಾಗಿಲು ತೆರೆದಾಗ ಒಳಗೆ ಮೌನವೆಂಬುದು ಹೆಸರಿಗೂ ಇರಲಿಲ್ಲ. ಲಿಯೊನಿ ಕವಿಯಾಗಿದ್ದರೂ ಇಪ್ಪತ್ತಾರು ವರ್ಷ ಹೊಟ್ಟೆಪಾಡಿಗೆ ಓಡಿಸಿದ್ದು ಹಳದಿ ಶಾಲಾ ಬಸ್ಸು. ಅವತ್ತು ಆಕೆಯ ಹಳೆಯ ಡ್ರೈವರ್ ಗೆಳೆಯರು ಏಳು ಮಂದಿ ಊಟಕ್ಕೆ ಬಂದಿದ್ದರು. ಎಲ್ಲರೂ ನಿವೃತ್ತರು, ಎಲ್ಲರ ದನಿಯೂ ಗಟ್ಟಿ. ಹಸಿ ಬಟಾಟೆಯನ್ನು ಹೆರೆದು, ಹಿಂಡಿ, ಬೇಯಿಸಿದ ಬಟಾಟೆಯೊಂದಿಗೆ ನಾದಿ, ನಡುವೆ ಹಂದಿಮಾಂಸ ಇಟ್ಟು ಉಂಡೆ ಕಟ್ಟಿ ಕುದಿಸುವ ಅವರ ಕಡೆಯ ಕಡುಬು ಪಾತ್ರೆಯಲ್ಲಿ ತೇಲುತ್ತಿತ್ತು. ಬಂದವರು ಮಾಂಸ ತಿನ್ನುವುದಿಲ್ಲವೆಂದು ಮಿರೇಯ್ ಮೊದಲೇ ಹೇಳಿದ್ದಳು. ಅದಕ್ಕೇ ನಾಲ್ಕು ಉಂಡೆಗಳನ್ನು ಬರೀ ಬಟಾಟೆಯಲ್ಲೇ ಕಟ್ಟಿ, ಬೇರೆ ಪಾತ್ರೆಯಲ್ಲಿ ಬೇಯಿಸಿ, ಗುರುತಿಗೆ ಒಂದೊಂದು ಲವಂಗ ಚುಚ್ಚಿಟ್ಟಿದ್ದಳು ಮುದುಕಿ.

ಉಮಾಶಂಕರ ಲೈಟು ಎಲ್ಲಿಡಬೇಕೆಂದು ನೋಡಲು ಬಂದವನು, ಶೂಟಿಂಗು ಮುಂದಿನ ವಾರ. ಆದರೆ ಉದ್ದನೆಯ ಮೇಜು, ಅದರ ಸುತ್ತ ಉಣ್ಣುವ ಜನ, ತುದಿಯಲ್ಲಿ ಎಲ್ಲರಿಗಿಂತ ಮುದುಕನೊಬ್ಬ. ಕೈ ಕೇಳಬೇಕಲ್ಲ? ಕ್ಯಾಮೆರಾ ತಾನೇ ಹೊರಗೆ ಬಂತು. ಮುದುಕರ ತುದಿಯಿಂದ ಶುರುಮಾಡಿ, ಒಂದೊಂದು ಮುಖಕ್ಕೂ ಮೂರು ಎಣಿಸಿ ಸಾಗಿದ. ಲಿಯೊನಿ ರತ್ನಾಳ ಕೈಯಿಂದ ಲೈಟು ಕಿತ್ತು ಮೂಲೆಗಿಟ್ಟು, ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಲವಂಗದ ಕಡುಬು ಬಡಿಸಿ, ಮೇಲೆ ಬೆಲ್ಲದ ಪಾಕದಂಥದ್ದನ್ನು ಸುರಿದಳು. ಆಮೇಲೆ ಸೌಟು ಹಿಡಿದೇ ಉಮಾಶಂಕರನ ಕಡೆ ಗದ್ದ ಎತ್ತಿ, ಇಂಗ್ಲಿಷಿನಲ್ಲಿ, “ಉಣ್ಣದೆ ನಿಂತ ಈ ನಿನ್ನ ಗಂಡಸಿನ ಹೆಸರೇನು?” ಎಂದು ಕೇಳಿದಳು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಉತ್ತರ ಕರ್ನಾಟಕದ ಕಡೆ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಹೇಳಿಬಿಡುವುದಿಲ್ಲ. ಊಟದ ಹೊತ್ತಿನಲ್ಲಿ, ಹಿರಿಯರ ಮುಂದೆ ಕೇಳಿದರಂತೂ ಇಲ್ಲವೇ ಇಲ್ಲ. ಎರಡು ಸಾಲು ಕಟ್ಟಿ ಅದರೊಳಗೆ ಹೆಸರನ್ನು ಕೂರಿಸಿ ಹೇಳಬೇಕು. ಅದಕ್ಕೆ ಒಡಪು ಎನ್ನುತ್ತಾರೆ. ಮಿಲ್ಟನ್ನಿನ ಬ್ಯಾಂಕಿನಲ್ಲಿ, ಡಾಕ್ಟರ ಹತ್ತಿರ, ರತ್ನಾ ಗಂಡನ ಹೆಸರನ್ನು ಬೇಕಾದಷ್ಟು ಸಲ ಹೇಳಿದ್ದಾಳೆ. ಆದರೆ ತಟ್ಟೆಯ ಮುಂದೆ ಕೂತಿದ್ದಳು, ಎದುರಿಗೆ ಬಿಳಿ ಕೂದಲಿನ ಮುದುಕಿ, ಸುತ್ತ ಹಿರಿಯರು. ಗಂಡನ ಕೈಗೆ ಹೇಗೆ ಚಾಳಿಯೋ ಹೆಂಡತಿಯ ಬಾಯಿಗೂ ಹಾಗೆ. ಸೆರಗಿಲ್ಲದ ಸ್ವೆಟರಿನ ಹೆಗಲನ್ನು ಸರಿಮಾಡಿಕೊಂಡು ಹೇಳಿಯೇಬಿಟ್ಟಳು:

“ಬಟಾಟಿ ಕಡಬಿನ ಮ್ಯಾಲ ಬೆಲ್ಲದ ಹನಿ,
ಮಂದಿ ಉಣ್ಣೂದ ನೋಡಕೋತ ಹಸದ ನಿಂತಾರ ಉಮಾಶಂಕರ, ನನ್ನ ಧಣಿ.”

ಲಿಯೊನಿಯ ಸೌಟು ಗಾಳಿಯಲ್ಲೇ ನಿಂತಿತು. “ಏನದು? ಹೆಸರು ಕೇಳಿದರೆ ಪದ್ಯ ಹೇಳ್ತೀಯಲ್ಲ!” ರತ್ನಾ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಅರ್ಥ ಹೇಳಿದಳು, ನಮ್ಮ ಕಡೆ ಹೀಗೇ ಎಂದೂ ಹೇಳಿದಳು. ಮುದುಕಿ ಅದರಲ್ಲಿ ಹೆಸರು ಯಾವುದೆಂದು ಕೇಳಿ, “ಉಮಾ-ಶಾಂ-ಕಾರ್” ಎಂದು ಹೇಳಿ ನೋಡಿ, ಸರಿಯಾಗಲಿಲ್ಲವೆಂದು ಮತ್ತೆ ಹೇಳಿಸಿಕೊಂಡಳು. ಏಳು ಮಂದಿ ಡ್ರೈವರುಗಳೂ ಬಾಯಲ್ಲಿ ಕಡುಬಿಟ್ಟುಕೊಂಡೇ ಒಬ್ಬೊಬ್ಬರಾಗಿ ಪ್ರಯತ್ನಪಟ್ಟರು. ಆಮೇಲೆ ಲಿಯೊನಿ ಬಡಿಸುತ್ತ ಬಡಿಸುತ್ತ ತನ್ನ ಭಾಷೆಯಲ್ಲಿ ಏನೋ ಎರಡು ಸಾಲು ಹೇಳಿದಳು. ಮೇಜಿನ ಸುತ್ತ ಒಮ್ಮೆಗೇ ಸದ್ದಡಗಿತು. ಉಮಾಶಂಕರನಿಗೆ ಅದರ ತಲೆಬುಡ ತಿಳಿಯಲಿಲ್ಲ. ಅವನಿಗೆ ಮುಖವೆಲ್ಲ ಬಿಸಿಯಾಗಿತ್ತು. ಡಾಕ್ಯುಮೆಂಟರಿಯ ನಿರ್ದೇಶಕನನ್ನು ಮೊದಲ ದಿನವೇ ಹೆಂಡತಿ ಧಣಿ ಎಂದು ಕರೆಯುವುದೇ? ನಗು, ನಾಚಿಕೆ ಎರಡೂ ಸೇರಿ ಕ್ಯಾಮೆರಾ ಅಲುಗಾಡಿತ್ತು. ಮನೆಗೆ ಬಂದು ಆ ಫೈಲನ್ನು “ವೇಸ್ಟ್” ಎಂಬ ಫೋಲ್ಡರಿಗೆ ತಳ್ಳಿದ.

ಮುಂದಿನ ನಾಲ್ಕು ಶನಿವಾರ ಶೂಟಿಂಗು ನಡೆಯಿತು. ಉಮಾಶಂಕರ ಡಾಕ್ಯುಮೆಂಟರಿ ಮಾಡುವುದು ಹೇಗೆಂದು ಹತ್ತಾರು ವಿಡಿಯೊ ನೋಡಿ ತಯಾರಾಗಿ ಹೋಗುತ್ತಿದ್ದ. ಆದರೆ ಕ್ಯಾಮೆರಾ ಆಫ್ ಮಾಡಿದ ಮೇಲೆ ಕೇಳುತ್ತಿದ್ದ ಪ್ರಶ್ನೆಗಳೇ ಹೆಚ್ಚು. ಆ ಮುದುಕಿಯ ಬಗ್ಗೆ ತಿಳಿದಷ್ಟೂ ಇನ್ನಷ್ಟು ತಿಳಿಯಬೇಕು ಅನ್ನಿಸುತ್ತಿತ್ತು. ಫ್ರೆಂಚ್ ಎಂದರೆ ಕ್ವಿಬೆಕ್ ಪ್ರಾಂತ್ಯದವರು ಎಂದು ಅವನು ತಿಳಿದಿದ್ದ. ಅಲ್ಲ, ನಾವು ಅಕಾಡಿಯದವರು ಎಂದಳು ಆಕೆ. ಪೂರ್ವದ ಕಡಲ ದಂಡೆಯ ಜನ. ಇನ್ನೂರೈವತ್ತು ವರ್ಷಗಳಿಗೂ ಹಿಂದೆ ಇಂಗ್ಲಿಷರು ಅವರ ಮನೆಗಳನ್ನು ಸುಟ್ಟು, ಹಡಗು ಹತ್ತಿಸಿ, ದಿಕ್ಕಿಗೊಬ್ಬರಂತೆ ಚದುರಿಸಿದ್ದರು. ತಿರುಗಿ ಬಂದವರು ಮೀನು ಹಿಡಿದು ಬದುಕಿದರು. ಊರಿನಲ್ಲಿ ಅರ್ಧ ಜನಕ್ಕೆ ಒಂದೇ ಅಡ್ಡಹೆಸರು, ಅದಕ್ಕೇ ಅಪ್ಪನ ಹೆಸರು ಅಜ್ಜನ ಹೆಸರು ಪೋಣಿಸಿ ಕರೆಯುತ್ತಾರೆ. “ನಾನು ಲಿಯೊನಿ, ಆಲ್ಫ್ರೆಡನ ಮಗಳು, ಟಿಯೋಫೀಲನ ಮೊಮ್ಮಗಳು,” ಎಂದು ಒಂದೇ ಉಸಿರಿಗೆ ಹೇಳುತ್ತಿದ್ದಳು.

ಆಕೆಯ ಮಾತು ಕೂಡ ವಿಚಿತ್ರ. ಫ್ರೆಂಚಿನಲ್ಲಿ ಹೊರಟ ವಾಕ್ಯ ನಡುವೆ ಇಂಗ್ಲಿಷಿಗೆ ಹೊರಳಿ, ಬಾಲದಲ್ಲಿ ಮತ್ತೆ ಫ್ರೆಂಚಿಗೆ ಬರುತ್ತಿತ್ತು. ಶಾಲೆಯಲ್ಲಿ ಅದಕ್ಕಾಗಿ ಮೇಷ್ಟ್ರು ಬೈದಿದ್ದರಂತೆ, ಕೊನೆಗೆ ಆಕೆ ಅದೇ ಮಾತಿನಲ್ಲಿ ಐದು ಪುಸ್ತಕ ಬರೆದಳು. “ಬೇಸ್‌ಮೆಂಟನ್ಯಾಗಿನ ಹೀಟರ್ ಆಫ್ ಮಾಡಿ ಬಾ” ಎನ್ನುವ ಮನೆಯಲ್ಲಿ ಬದುಕುವ ಉಮಾಶಂಕರನಿಗೆ ಇದು ಬಹಳ ಹಿಡಿಸಿತು. ಬರೆಯುತ್ತಿದ್ದುದು ಎಲ್ಲಿ ಎಂದು ಕೇಳಿದ. ಬೆಳಗ್ಗೆ ಬಸ್ಸಿನ ಸುತ್ತ ನಡೆದು ಟಯರು, ಲೈಟು, ಬ್ರೇಕು ನೋಡಿ ಟಿಕ್ ಹಾಕುವ ಹಾಳೆಯ ಬೆನ್ನಲ್ಲಿ, ಮಕ್ಕಳನ್ನು ಇಳಿಸಿದ ಮೇಲೆ ಮಧ್ಯಾಹ್ನದ ಟ್ರಿಪ್ಪಿನವರೆಗೆ ಖಾಲಿ ಬಸ್ಸಿನಲ್ಲಿ ಕೂತು. ಆ ಹಾಳೆಗಳು ಎರಡು ಬಿಸ್ಕತ್ತಿನ ಡಬ್ಬಿ ತುಂಬ ಇದ್ದವು, ಉಮಾಶಂಕರ ಅವನ್ನೂ ಕ್ಯಾಮೆರಾದಲ್ಲಿ ಹಿಡಿದಿಟ್ಟ.

ಗಂಡನ ಬಗ್ಗೆ ಮಾತ್ರ ಆಕೆ ಬಾಯಿ ಬಿಡುತ್ತಿರಲಿಲ್ಲ. ಐದು ಪುಸ್ತಕದಲ್ಲೂ ಅವನು ಇದ್ದಾನೆ, ಆದರೆ ಬರೀ “ಅವನು” ಎಂದು ಇದ್ದಾನೆ, ಹೆಸರಿಲ್ಲ ಎಂದು ಮಿರೇಯ್ ಹೇಳಿದ್ದಳು. ಉಮಾಶಂಕರ ಒಮ್ಮೆ ಧೈರ್ಯಮಾಡಿ ಕೇಳಿದ. “ಪುಸ್ತಕದಲ್ಲಿ ಬರೆದರೆ ಕಂಡಕಂಡವರ ಪಾಲಾಗ್ತಾನೆ,” ಎಂದು ಎದ್ದು ಹೋದಳು.

ಇಷ್ಟೆಲ್ಲ ರಸವತ್ತಾದ ಹೆಂಗಸು, ಕ್ಯಾಮೆರಾ ಆನ್ ಆದ ಕೂಡಲೇ ಒಣಗಿಹೋಗುತ್ತಿದ್ದಳು. ತಪ್ಪು ನಮ್ಮವನದು. ಕೆರೆಯ ದಂಡೆಯಲ್ಲಿ ನಡೆಯಿರಿ ಎಂದ, ನಡೆದಳು. ಕಿಟಕಿಯಿಂದ ಆಚೆ ನೋಡಿ ಎಂದ, ನೋಡಿದಳು. ಪೆನ್ನು ಗದ್ದಕ್ಕೆ ಇಟ್ಟುಕೊಳ್ಳಿ ಎಂದ, ಅದನ್ನೂ ಇಟ್ಟುಕೊಂಡಳು. ಮದುವೆಯ ಹಿಂದಿನ ದಿನ ವಧುವಿಗೆ ಮಾಡಿಸುವುದನ್ನೆಲ್ಲ ಮಾಡಿಸಿ, ಬಣ್ಣ ತೆಗೆದು ಕಪ್ಪುಬಿಳುಪು ಮಾಡಿ, ಅದನ್ನೇ ಡಾಕ್ಯುಮೆಂಟರಿ ಎಂದು ತಿಳಿದ. ಪಿಯಾನೊ ಸಂಗೀತ ಹಾಕಿದ. ಕೊನೆಯಲ್ಲಿ ಪರದೆ ತುಂಬ ತನ್ನ ಹೆಸರು ಬರುವ ಕಾರ್ಡು. ಅದೊಂದಕ್ಕೇ ಎರಡು ಭಾನುವಾರ ಕೂತಿದ್ದ, ಮೇಲೆ ಕನ್ನಡದಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ.

ಲಿಯೊನಿ ತನ್ನ ಮನೆಯಲ್ಲೇ, ಮಿರೇಯ್ ಪಕ್ಕದಲ್ಲಿ ಕೂತು, ಹನ್ನೆರಡು ನಿಮಿಷವನ್ನೂ ನೋಡಿದಳು. ಪಿಯಾನೊ ನಿಂತ ಮೇಲೆ ಕೇಳಿದಳು: “ಈ ಹೆಂಗಸು ಯಾವಾಗ ಸತ್ತಳು?”

“ಯಾವ ಹೆಂಗಸು?” ಎಂದ ಉಮಾಶಂಕರ.

“ಬೇಡ. ನಾನು ಇವಳಲ್ಲ. ಇದನ್ನು ತೋರಿಸಬೇಡಿ.” ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ನೋಯಿಸಿತು. ಮತ್ತೆ ಶೂಟಿಂಗು ಮಾಡೋಣವೆಂದರೆ ದಾರಿಯಿರಲಿಲ್ಲ. ಒಂಬತ್ತೇ ದಿನಕ್ಕೆ ಆಕೆ ಮನೆ ಖಾಲಿ ಮಾಡಿ ತಂಗಿಯ ಜೊತೆಗಿರಲು ಕಡಲ ದಂಡೆಯ ಊರಿಗೇ ಹೊರಟಿದ್ದಳು. ಪೆಟ್ಟಿಗೆಗಳು ಆಗಲೇ ಗೋಡೆಗೆ ಒರಗಿ ನಿಂತಿದ್ದವು.

ಮಿರೇಯ್ ಅವನನ್ನು ಕಾರಿನ ತನಕ ಕಳಿಸಲು ಬಂದಳು. “ನನಗೆ ಅರ್ಥ ಆಗ್ತಿಲ್ಲ. ನಮ್ಮ ಮಗಳ ಮದುವೆಯಲ್ಲಿ ನಮ್ಮ ಅಪ್ಪ ಪಾಯಸ ತಿಂತಾ ಪಕ್ಕದ ಅಜ್ಜಿ ಹತ್ತಿರ ಜಗಳ ಆಡೋದು ತೆಗೆದಿದ್ರಲ್ಲ, ಅದನ್ನು ನೋಡಿಯೇ ನಿಮಗೆ ಫೋನ್ ಮಾಡಿದ್ದು. ಆ ಥರ ಯಾಕೆ ತೆಗೀಲಿಲ್ಲ?” ಎಂದು ಕೇಳಿದಳು.

ಡ್ರೋನಿನ ಕೆರೆ ನೋಡಿ ಕರೆದಳೆಂದು ನಂಬಿಕೊಂಡಿದ್ದ ಉಮಾಶಂಕರನಿಗೆ ಹೈವೇಯಲ್ಲಿ ಒಂದು ಎಕ್ಸಿಟ್ಟು ತಪ್ಪಿತು. ಮನೆಗೆ ಬಂದವನೇ ಬೇಸ್‌ಮೆಂಟಿನ ಕುರ್ಚಿಯಲ್ಲಿ ಕುಸಿದ. ರತ್ನಾ ಚಹಾ ತಂದಳು, ನಡೆದದ್ದನ್ನು ಕೇಳಿದಳು.

“ಅಲ್ರೀ, ಮೊದಲನೇ ದಿವಸ ಪಂಕ್ತಿ ಹಿಡದಿದ್ರಲ್ಲ. ಅದೆಲ್ಲೈತಿ?”

“ಅದ ವೇಸ್ಟ್. ಕ್ಯಾಮೆರಾ ಅಳ್ಳಾಡೇತಿ. ನಿನ್ನ ಒಡಪ ಬ್ಯಾರೆ ಬಂದೈತಿ.”

“ನನ್ನ ಒಡಪಿಗೇನಾಗೇತಿ? ಅಗದೀ ಛಂದ ಇತ್ತ. ಹಚ್ರಿ ನೋಡೂಣು.”

ಹಚ್ಚಿದ. ಇಬ್ಬರೂ ನೋಡಿದರು. ಸೌಟು ಹಿಡಿದ ಹೆಂಗಸು ಒಬ್ಬನ ತಲೆಗೆ ಮೊಟಕುತ್ತಾಳೆ, ಇನ್ನೊಬ್ಬನ ತಟ್ಟೆಯಿಂದ ಬೆಲ್ಲ ಬಳಿದು ನೆಕ್ಕುತ್ತಾಳೆ, ಬಾಯ್ತುಂಬ ನಗುತ್ತಾಳೆ. ಪೆನ್ನು ಗದ್ದಕ್ಕಿಟ್ಟ ಹೆಂಗಸಿಗೂ ಇವಳಿಗೂ ಸಂಬಂಧವೇ ಇರಲಿಲ್ಲ. ತಾನು ಹುಡುಕುತ್ತಿದ್ದ ಕವಿಯನ್ನು ಮೊದಲ ದಿನವೇ ಹಿಡಿದು, ತನ್ನ ಕೈಯಾರೆ ಕಸಕ್ಕೆ ಹಾಕಿದ್ದ. ಉಮಾಶಂಕರ ಹಣೆ ಚಚ್ಚಿಕೊಂಡ. ಮುದುಕಿ ಹೇಳಿದ ಎರಡು ಸಾಲಿನ ತುಣುಕನ್ನು ಮಿರೇಯ್‌ಗೆ ಕಳಿಸಿ, ಏನೆಂದು ಕೇಳಿದ. ಮಿರೇಯ್ ಅದನ್ನು ಎರಡು ಸಲ ಹಾಕಿ ಕೇಳಿದಳು. ಆಮೇಲೆ ಫೋನು ಮಾಡಿ ಬಿಡಿಸಿ ಹೇಳಿದಳು: “ನಲವತ್ತು ವರ್ಷ ನಾನು ಇದಕ್ಕೆ ಬೆಲ್ಲ ಸುರಿದೆ, ನಲವತ್ತು ವರ್ಷ ಉಪ್ಪು ಎಲ್ಲಿ ಅಂತ ಕೇಳಿದ ನನ್ನ ಕ್ಲೋವಿಸ್. ಉಪ್ಪಿನ ಡಬ್ಬಿ ಇನ್ನೂ ಮೇಜಿನ ಮೇಲೇ ಇದೆ, ಕೇಳುವವನು ಇಲ್ಲ.”

ಕ್ಲೋವಿಸ್. ಐದು ಪುಸ್ತಕದಲ್ಲಿ ಇಲ್ಲದ ಹೆಸರು. ಮೇಜಿನ ಸುತ್ತ ಸದ್ದಡಗಿದ್ದು ಯಾಕೆಂದು ಆಗ ತಿಳಿಯಿತು. ರತ್ನಾ ಗಂಡನ ಹೆಸರು ಹೇಳಿದ್ದಕ್ಕೆ ಲಿಯೊನಿ ತನ್ನ ಗಂಡನ ಹೆಸರನ್ನು ಹೇಳಿ ಒಡಪಿನ ಸಾಲ ತೀರಿಸಿದ್ದಳು.

ಐದು ದಿನ ಉಮಾಶಂಕರ ಬೇಸ್‌ಮೆಂಟಿನಿಂದ ಮೇಲೆ ಬಂದದ್ದು ಸ್ನಾನಕ್ಕೆ, ಊಟಕ್ಕೆ, ನಿದ್ದೆಗೆ ಮಾತ್ರ. ಕೆರೆ ಹೋಯಿತು, ಕಿಟಕಿ ಹೋಯಿತು, ಪಿಯಾನೊ ಹೋಯಿತು. ಒಂದೇ ಮೇಜು, ಒಂದೇ ಊಟ, ದ್ಯಾಮಣ್ಣನ ಕ್ರಮದಲ್ಲಿ ಮುದುಕನ ತುದಿಯಿಂದ ಆ ತುದಿಯವರೆಗೆ. ನಡುವೆ ಅಲ್ಲಲ್ಲಿ ಬಿಸ್ಕತ್ತಿನ ಡಬ್ಬಿಯ ಹಾಳೆಗಳು. ಕೊನೆಗೆ ಹೆಸರಿನ ಕಾರ್ಡು.

ಲಿಯೊನಿ ಎರಡನೆಯ ಸಲ ನೋಡುವಾಗ ಮನೆಯಲ್ಲಿ ಉಳಿದಿದ್ದುದು ಎರಡು ಕುರ್ಚಿ ಮಾತ್ರ. ಉಮಾಶಂಕರ ನಿಂತೇ ಇದ್ದ. ಕ್ಲೋವಿಸ್ ಎಂಬ ಮಾತು ಬಂದಾಗ ಆಕೆ ಕಣ್ಣು ಮುಚ್ಚಿದಳು. ಮುಗಿದ ಮೇಲೂ ಮುಚ್ಚಿಯೇ ಇದ್ದಳು.

“ಆ ಹೆಸರನ್ನು ತೆಗೀಲಾ?” ಎಂದು ಅವನೇ ಕೇಳಿದ.

“ಇರಲಿ. ಅದನ್ನು ನಾನು ಬರೆದಿಲ್ಲ. ಊಟಕ್ಕೆ ಬಡಿಸ್ತಾ ಹೇಳಿದ್ದು.” ಕಣ್ಣೊರೆಸಿಕೊಂಡಳು. “ಇವಳು ನಾನೇ. ತೋರಿಸಿ. ಆದರೆ ಅಕ್ಷರ ಬೇಡ. ಮೊದಲೂ ಬೇಡ, ಕೊನೆಗೂ ಬೇಡ. ನನ್ನ ಹೆಸರೂ ಬೇಡ. ಊಟಕ್ಕೆ ಕೂತವರ ಎದೆಗೆ ಯಾರಾದರೂ ಹೆಸರಿನ ಚೀಟಿ ಅಂಟಿಸ್ತಾರಾ?”

ಮಿರೇಯ್ ಉಮಾಶಂಕರನ ಮುಖ ನೋಡಿದಳು, ಏನೋ ಹೇಳಲು ಹೊರಟಳು. ಅವನು ಕೈಯೆತ್ತಿ ತಡೆದ. ಆ ಕಾರ್ಡಿಗಾಗಿಯೇ ಅವನು ಈ ಕೆಲಸಕ್ಕೆ ಇಳಿದದ್ದು ಎಂಬುದು ನಿಜ. ಆದರೆ ಆ ಮುದುಕಿ ಐದು ಪುಸ್ತಕದಲ್ಲೂ ಬಚ್ಚಿಟ್ಟುಕೊಂಡ ಹೆಸರನ್ನು ಅವನ ಕೈಗೆ ಕೊಟ್ಟು ಕೂತಿದ್ದಳು, ಅದರ ಮುಂದೆ ಇವನು ತನ್ನ ಹೆಸರಿಗೆ ಜಗ್ಗಾಡುವುದು ಹೇಗೆ? “ಆಯಿತು” ಎಂದ. ಮನೆಗೆ ಬಂದು ಕಾರ್ಡನ್ನು ಅಳಿಸಿದ. ಅಳಿಸುವಾಗ ಬಹಳ ಸಂಕಟವಾಯಿತು, ಅದನ್ನು ರತ್ನಾಳಿಗೂ ಹೇಳಲಿಲ್ಲ.

ಜೂನ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ನ್ಯೂಮಾರ್ಕೆಟ್ಟಿನ ಸಂಘದ ಸಭಾಂಗಣದಲ್ಲಿ ಚಿತ್ರ ತೋರಿಸಿದರು. ಎಪ್ಪತ್ತು ಎಂಬತ್ತು ಜನ. ಏಳು ಮಂದಿ ಡ್ರೈವರುಗಳು ಮುಂದಿನ ಸಾಲಿನಲ್ಲಿ. ಲಿಯೊನಿ ಆಗಲೇ ಕಡಲ ದಂಡೆ ಸೇರಿದ್ದಳು. ಉಮಾಶಂಕರ ಎಂದಿನಂತೆ ಹಿಂದಿನ ಗೋಡೆಗೆ ಒರಗಿ ನಿಂತ.

ಪರದೆಯ ಮೇಲೆ ಸೌಟು ಆಡಿತು, ಬೆಲ್ಲ ಸುರಿಯಿತು. ಕೂತವರೆಲ್ಲ ನಗುತ್ತಿದ್ದರು. ಆಮೇಲೆ ರತ್ನಾ ಸ್ವೆಟರಿನ ಹೆಗಲು ಸರಿಮಾಡಿಕೊಂಡಳು, ಯಾರಿಗೂ ತಿಳಿಯದ ಭಾಷೆಯಲ್ಲಿ ಎರಡು ಸಾಲು ಕೇಳಿಸಿದವು, ಅದರ ನಡುವೆ ಅವನ ಹೆಸರು. ಲಿಯೊನಿ “ಉಮಾ-ಶಾಂ-ಕಾರ್” ಎಂದಳು. ರತ್ನಾ ತಿದ್ದಿದಳು. ಲಿಯೊನಿ ಮತ್ತೆ ಹೇಳಿದಳು. ಮೇಜಿನ ಸುತ್ತ ಏಳು ಬಾಯಿಗಳು ಹೇಳಿದವು. ಬೇಸ್‌ಮೆಂಟಿನಲ್ಲಿ ಈ ತುಣುಕನ್ನು ಅವನು ನೂರು ಸಲ ಕತ್ತರಿಸಿ ಜೋಡಿಸಿದ್ದ, ಆಗೆಲ್ಲ ಕಿವಿಗೆ ಬಿದ್ದದ್ದು ಬರೀ ಸದ್ದು. ಈಗ ಕತ್ತಲ ಸಭಾಂಗಣದಲ್ಲಿ ಯಾರೋ ಒಬ್ಬರು ಪರದೆಯ ಜೊತೆಗೆ ತಾವೂ ಹೇಳಿ ನೋಡಿದರು, ಪಕ್ಕದವರು ಹೇಳಿದರು, ಹಿಂದಿನ ಸಾಲಿಗೂ ಹಬ್ಬಿತು. ಕ್ಲೋವಿಸನ ಹೆಸರು ಬಂದಾಗ ಮುಂದಿನ ಸಾಲಿನ ಡ್ರೈವರೊಬ್ಬ ಟೋಪಿ ತೆಗೆದ. ಉಮಾಶಂಕರ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡ.

ಲೈಟು ಬಂದ ಮೇಲೆ ಹಿಂದಿನ ಕೋಣೆಯಲ್ಲಿ ಊಟ. ಮಿರೇಯ್ ಬಟಾಟೆ ಕಡುಬು ಮಾಡಿಸಿದ್ದಳು. ಜನ ಉದ್ದ ಮೇಜಿಗೆ ಕೂರತೊಡಗಿದರು. ಉಮಾಶಂಕರನ ಕೈ ಕ್ಯಾಮೆರಾ ಚೀಲದ ಜಿಪ್ಪಿಗೆ ಹೋಯಿತು. ಅಷ್ಟರಲ್ಲಿ ರತ್ನಾ ಬಂದು ಆ ಚೀಲವನ್ನು ಅವನ ಹೆಗಲಿನಿಂದ ಇಳಿಸಿಕೊಂಡಳು. ಇನ್ನೊಂದು ಕೈಯಲ್ಲಿ ತಟ್ಟೆಯಿತ್ತು, ಅದರಲ್ಲಿ ಲವಂಗ ಚುಚ್ಚಿದ ಒಂದು ಉಂಡೆ.

“ಮಂದಿ ಉಣ್ಣೂದ ನೋಡಿದ್ದು ಸಾಕ್ರಿ. ಇವತ್ತು ಪಂಕ್ತಿ ನಾ ಹಿಡೀತೀನಿ. ನೀವು ಕುಂದರ್ರಿ,” ಎಂದಳು.

ಮುದುಕ ಡ್ರೈವರ್ ಒಬ್ಬ ಪಕ್ಕದ ಕುರ್ಚಿ ಎಳೆದು, ಅವನನ್ನು ಹೆಸರು ಹಿಡಿದು ಕರೆದ. ಉಮಾಶಂಕರ ಕೂತ. ಕಡುಬು ಇನ್ನೂ ಬಿಸಿಯಾಗಿತ್ತು.